ಓದಾಕೊಂದು ಡಬ್ಬಿ ಕೊಡ್ರಿ

ನಮ್ಮ ಬಾಗಲಕೋಟೆ ಜಿಲ್ಲೆಯವರಿಗೆ ವ್ಯಾಪಾರದಲ್ಲಿ ಟೋಪಿ ಹಾಕುವುದು ಸುಲಭದ ಮಾತಲ್ಲ. ಪುಷ್ಯ ಮಾಸದಲ್ಲಿ ಬಾದಾಮಿ ಬನಶಂಕರಿ ಜಾತ್ರೆಗೆ ಬಂದು ನೋಡಿ. ಮನೆ ಕಟ್ಟಿಸುವವರು ಬಾಗಿಲು, ಚೌಕಟ್ಟು ಕೊಳ್ಳಲು ಅಲ್ಲಿಗೆ ಬರುತ್ತಾರೆ. ಬಂದವರು ಕಟ್ಟಿಗೆಯನ್ನು ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳುತ್ತಾರೆ. ಬಿರುಕಿಗೆ ಮೇಣ ಮೆತ್ತಿ ಪಾಲಿಶ್ ಹೊಡೆದಿದ್ದಾನೇನೋ ಅಂತ ಉಗುರಿನಿಂದ ಕೆರೆದು ನೋಡುತ್ತಾರೆ. ಎತ್ತಿನ ವ್ಯವಹಾರ ಇನ್ನೂ ಬಿಗಿ. ಬಾಯಿ ಬಿಡಿಸಿ ಹಲ್ಲು ಎಣಿಸಬೇಕು, ಮೈಮೇಲಿನ ಸುಳಿ ನೋಡಬೇಕು, ನಾಲ್ಕು ಹೆಜ್ಜೆ ನಡೆಸಬೇಕು, ಆಮೇಲೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸಬೇಕು. ಇಷ್ಟೆಲ್ಲ ಆಗುವವರೆಗೆ ಯಾರೂ ಹಗ್ಗಕ್ಕೆ ಕೈ ಹಚ್ಚುವುದಿಲ್ಲ.

ಅದೇ ಜನ ಬಾಗಲಕೋಟೆ ನವನಗರದ ಕಂಪ್ಯೂಟರ್ ಅಂಗಡಿಯ ಗಾಜಿನ ಬಾಗಿಲು ತಳ್ಳಿ ಒಳಗೆ ಬಂದರೆ, ಎಸಿ ತಂಪಿನ ಗುಣವೋ ಏನೋ, ಹಲ್ಲಿನ ವಿಚಾರವೇ ಮರೆತುಹೋಗುತ್ತದೆ. ಕೇಳುವುದು ಒಂದೇ ಮಾತು: "ಇದರಾಗ ಚಲೋದು ಯಾವುದ್ರಿ?" ಎತ್ತಿನ ದಲ್ಲಾಳಿಗೆ ಹೀಗೆ ಕೇಳಿ ಮನೆಗೆ ಬಂದವನನ್ನು ಹೆಂಡತಿ ಒಳಗೆ ಸೇರಿಸಿಕೊಳ್ಳುತ್ತಿರಲಿಲ್ಲ.

ನನಗೆ ತಿಳಿದ ಮಟ್ಟಿಗೆ ಕಾರಣ ಇಷ್ಟೇ. ಎತ್ತು ಕೊಳ್ಳುವವನೇ ನಾಳೆ ಅದನ್ನು ಹೂಡಬೇಕು. ಇ-ರೀಡರ್, ಟ್ಯಾಬ್, ಅಗ್ಗದ ಲ್ಯಾಪ್‌ಟಾಪ್ ಈ ಮೂರನ್ನು ಕೊಳ್ಳುವವರು ಬೇರೆ, ಹೂಡುವವರು ಬೇರೆ. ಅಪ್ಪ ಕೊಳ್ಳುತ್ತಾನೆ, ಮಗಳು ಬಳಸಬೇಕು. ಮಗ ಕೊಳ್ಳುತ್ತಾನೆ, ಅಪ್ಪ ಬಳಸಬೇಕು. ಸರ್ಕಾರ ಕೊಳ್ಳುತ್ತದೆ, ಯಾತಕ್ಕೆ ಬಳಸಬೇಕು ಅನ್ನುವುದನ್ನು ಟೆಂಡರ್ ಮುಗಿದ ಮೇಲೆ ಯೋಚಿಸುತ್ತದೆ.

ಪಿಯುಸಿ ಫಲಿತಾಂಶ ಬಂದ ಮೇಲಿನ ಒಂದು ಮಧ್ಯಾಹ್ನ ಅಂಥದೊಂದು ಅಂಗಡಿಯಲ್ಲಿ ಕೂತು ನೋಡಿದ ವ್ಯಾಪಾರ ಇದು. ಹುನಗುಂದದ ಕಡೆಯ ರೈತರೊಬ್ಬರು ಬಂದರು, ಹಿಂದೆ ಮಗಳು.

"ಓದಾಕೊಂದು ಡಬ್ಬಿ ಕೊಡ್ರಿ."

"ಟ್ಯಾಬ್ ಕೊಡ್ಲೋ, ಲ್ಯಾಪ್‌ಟಾಪ್ ಕೊಡ್ಲೋ, ಕಾಕಾ?"

"ಎರಡಕ್ಕೂ ಫರಕ್ ಏನೈತಿ?"

"ಲ್ಯಾಪ್‌ಟಾಪ್ ಮಡಚತೈತ್ರಿ."

"ಹಂಗಾರ ಮಡಚೂದ ಕೊಡು."

"ಏನ್ ಕಲಿಯಾಕತ್ತಾಳ್ರಿ ತಂಗಿ?"

"ಬಿ.ಕಾಂ. ಹಚ್ಚೀವಿ."

"ಬಿ.ಕಾಂ.ಗೆ ಅಂದ್ರ ಇದ ಮಾಡಲ್ ರಿ. ಬೆಳ್ಳಿ ಬಣ್ಣದ್ದು."

"ಬಿ.ಎ. ಹಚ್ಚಿದ್ರ?"

"ಆಗೂ ಇದ ರಿ. ನೀಲಿ ಬಣ್ಣದಾಗ ಬರತೈತಿ."

ಇಷ್ಟು ಹೊತ್ತು ಸುಮ್ಮನಿದ್ದ ಹುಡುಗಿ ಒಂದು ಪ್ರಶ್ನೆ ಕೇಳಿದಳು. "ಇದರಾಗ ನುಡಿ ಕೂಡತೈತೇನ್ರಿ, ಅಣ್ಣಾರ?" ಅಂಗಡಿಯ ಹುಡುಗ "ಎಲ್ಲಾ ಕೂಡತೈತಿ ತಂಗಿ" ಅಂದ. ಮುಖ ಮಾತ್ರ ಅಪ್ಪನ ಕಡೆಗೇ ಇತ್ತು. ದುಡ್ಡು ಆ ಕಿಸೆಯಲ್ಲಿತ್ತು. ಅಪ್ಪ ಪುಕ್ಕಟೆ ಕೊಟ್ಟ ಬ್ಯಾಗಿನ ಜಿಪ್ಪನ್ನು ಎರಡು ಸಲ ಎಳೆದು ನೋಡಿದರು, ಹೊಲಿಗೆ ಹಿಡಿದು ಜಗ್ಗಿದರು, ಒಂದು ಕಡೆ ದಾರ ಬಿಟ್ಟಿದೆ ಅಂತ ಬದಲಿ ಬ್ಯಾಗ್ ಇಸಿದುಕೊಂಡರು. ಲ್ಯಾಪ್‌ಟಾಪಿನ ಮುಚ್ಚಳವನ್ನು ಯಾರೂ ತೆರೆಯಲಿಲ್ಲ.

ಆ ಹುಡುಗಿ ಕೇಳಿದ್ದು ಅಂದಿನ ಇಡೀ ವ್ಯಾಪಾರದಲ್ಲಿ ತೂಕದ ಮಾತು. ನುಡಿ ಕನ್ನಡ ಗಣಕ ಪರಿಷತ್ತು ಮಾಡಿದ ತಂತ್ರಾಂಶ; ಸರ್ಕಾರಿ ಕಚೇರಿಯ ಪತ್ರದಿಂದ ಹಿಡಿದು ಮದುವೆ ಕಾರ್ಡಿನವರೆಗೆ ಇವತ್ತಿಗೂ ಅದರ ಮೇಲೆ ನಡೆಯುತ್ತದೆ. ಅದು ವಿಂಡೋಸಿನ ಪ್ರಾಣಿ. ಆಂಡ್ರಾಯ್ಡ್ ಟ್ಯಾಬಿನಲ್ಲಿ ಕೂಡುವುದಿಲ್ಲ, ಕ್ರೋಮ್‌ಬುಕ್ಕಿನಲ್ಲಿ ಕೂಡುವುದಿಲ್ಲ. ವಿಂಡೋಸ್ ಇದ್ದರೂ ನಿಶ್ಚಿಂತೆಯಿಲ್ಲ. ಅಗ್ಗದ ಯಂತ್ರಗಳಲ್ಲಿ ಎಷ್ಟೋ "ಎಸ್ ಮೋಡ್" ಅನ್ನುವ ಬೀಗ ಹಾಕಿಕೊಂಡು ಬರುತ್ತವೆ. ಮೈಕ್ರೋಸಾಫ್ಟಿನ ಸ್ವಂತ ಅಂಗಡಿಯಿಂದ ಇಳಿಸಿದ್ದನ್ನು ಬಿಟ್ಟು ಹೊರಗಿನ ಯಾವ ತಂತ್ರಾಂಶವನ್ನೂ ಒಳಗೆ ಬಿಡುವುದಿಲ್ಲ. ಬೀಗ ತೆಗೆಯಲು ಕಾಸು ಬೇಕಿಲ್ಲ, ನಾಲ್ಕು ಸಲ ಒತ್ತಿದರೆ ಆಯಿತು. ಅದನ್ನು ಹೇಳುವವರು ಬೇಕಷ್ಟೇ. ಹೇಳಬೇಕಾದವನು ಮುಂದಿನ ಗಿರಾಕಿಗೆ ಬಣ್ಣ ತೋರಿಸುತ್ತಿರುತ್ತಾನೆ.

ಜಾಗದ ಲೆಕ್ಕ ಇನ್ನೂ ಸೊಗಸು. ವಿಂಡೋಸ್ 11 ಕೂರಲು ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಜಾಗ ಬೇಕು ಅಂತ ಮೈಕ್ರೋಸಾಫ್ಟೇ ಬರೆದಿಟ್ಟಿದೆ. ಅಗ್ಗದ ಲ್ಯಾಪ್‌ಟಾಪಿನಲ್ಲಿ ಇರುವುದು ಸರಿಯಾಗಿ ಅಷ್ಟೇ: 4 ಜಿಬಿ, 64 ಜಿಬಿ. ಅಂದರೆ ವಿಂಡೋಸ್ ಕೂತ ಮೇಲೆ ಹುಡುಗಿಗೆ ಕೂರಲು ಜಾಗವಿಲ್ಲ. ಆ 64 ಜಿಬಿಯೂ ಮದರ್‌ಬೋರ್ಡಿಗೆ ಬೆಸೆದ ಇಎಂಎಂಸಿ ಚಿಪ್ಪು. ಬಿಚ್ಚಿ ದೊಡ್ಡದು ಹಾಕುತ್ತೇನೆ ಅಂದರೆ ಆಗದು. 2016ರಲ್ಲಿ ಐಬಾಲ್ ಕಂಪನಿ 9,999 ರೂಪಾಯಿಗೆ ಕಾಂಪ್‌ಬುಕ್ ಅಂತ ಬಿಟ್ಟಿತ್ತು. ಅದರಲ್ಲಿ ಇದ್ದದ್ದು 2 ಜಿಬಿ ರ್‍ಯಾಮ್, 32 ಜಿಬಿ ಜಾಗ. ಇಂಥ ಯಂತ್ರಕ್ಕೆ ವಿಂಡೋಸಿನ ದೊಡ್ಡ ಅಪ್‌ಡೇಟ್ ಬಂದರೆ ಮನೆಯ ಸಾಮಾನೆಲ್ಲ ಪೆನ್‌ಡ್ರೈವಿಗೆ ಸಾಗಿಸಿ, ಅದು ಕೂತ ಮೇಲೆ ವಾಪಸ್ ತರಬೇಕು. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ನವನಗರದ ಸೆಕ್ಟರುಗಳಿಗೆ ಬಂದ ನಮಗೆ ಈ ಬಗೆಯ ಪುನರ್ವಸತಿ ಹೊಸದಲ್ಲ. ಒಂದೇ ವ್ಯತ್ಯಾಸ, ಮೈಕ್ರೋಸಾಫ್ಟ್ ಪರಿಹಾರಧನ ಕೊಡುವುದಿಲ್ಲ.

ಬೆಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನಗು ಬರುತ್ತದೆ. ಜಿಯೋಬುಕ್ 2023ರಲ್ಲಿ ಬಂದಾಗ 16,499 ರೂಪಾಯಿ. 2025ರಲ್ಲಿ ಬಂದ ಕಿಂಡಲ್ ಪೇಪರ್‌ವೈಟ್ 16,999 ರೂಪಾಯಿ. ಒಂದು ಎಲ್ಲವನ್ನೂ ಮಾಡುತ್ತೇನೆ ಅಂತ ದುಡ್ಡು ಕೇಳುತ್ತದೆ. ಇನ್ನೊಂದು ಓದುವುದನ್ನು ಬಿಟ್ಟು ಏನನ್ನೂ ಮಾಡುವುದಿಲ್ಲ ಅಂತ ಅದಕ್ಕಿಂತ ಐನೂರು ಹೆಚ್ಚು ಕೇಳುತ್ತದೆ. ಕೆಲಸ ಮಾಡದೆ ಇರುವುದಕ್ಕೆ ಹೆಚ್ಚು ಸಂಬಳ ಅನ್ನುವ ಪದ್ಧತಿ ನಮಗೆ ಕಚೇರಿಗಳಲ್ಲಿ ಗೊತ್ತಿತ್ತು, ಅಂಗಡಿಗೂ ಬಂತು.

ಅಪ್ಪಂದಿರನ್ನಾದರೂ ಕ್ಷಮಿಸಬಹುದು. ಅವರು ಕೊಳ್ಳುವುದು ಜನ್ಮದಲ್ಲಿ ಒಂದೋ ಎರಡೋ ಸಲ. ಸರ್ಕಾರ ಲಕ್ಷಗಟ್ಟಲೆ ಕೊಳ್ಳುತ್ತದೆ. ಅದರ ಹತ್ತಿರ ತಜ್ಞರಿದ್ದಾರೆ, ಸಮಿತಿಗಳಿವೆ, ಸಮಿತಿಯ ಮೇಲೆ ಸಮಿತಿ ಇದೆ. ಬಡವರ ಕಂಪ್ಯೂಟರ್ ಅನ್ನುವ ಕನಸು ಹುಟ್ಟಿದ್ದು ಬೆಂಗಳೂರಿನಲ್ಲೇ ಅನ್ನುವುದು ಈಗ ಎಷ್ಟು ಜನಕ್ಕೆ ನೆನಪಿದೆಯೋ. ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಪ್ರಾಧ್ಯಾಪಕರು ಎನ್‌ಕೋರ್ ಕಂಪನಿಯ ಜತೆ ಸೇರಿ 2001ರಲ್ಲಿ ಸಿಂಪ್ಯೂಟರ್ ತೋರಿಸಿದರು. ಅಂಗೈ ಅಗಲದ ಯಂತ್ರ; ಅಕ್ಷರ ಬಾರದವರಿಗೂ ಆಗಲಿ ಅಂತ ಕನ್ನಡದಲ್ಲಿ ಓದಿ ಹೇಳುವ ವ್ಯವಸ್ಥೆಯನ್ನೂ ಅದಕ್ಕೆಂದೇ ಮಾಡಿದ್ದರು. ಐಫೋನ್ ಬರಲು ಇನ್ನೂ ಆರು ವರ್ಷ ಇತ್ತು. ಇಡೀ ಜಗತ್ತಿನ ಪತ್ರಿಕೆಗಳು ಹೊಗಳಿದವು. ಕೊಳ್ಳಬೇಕಾದ ಸರ್ಕಾರಗಳೂ ಹೊಗಳಿದವು, ಕೊಳ್ಳಲಿಲ್ಲ. ಹೊಗಳಿಕೆಗೆ ಟೆಂಡರ್ ಬೇಕಿಲ್ಲ.

ಹತ್ತು ವರ್ಷ ಕಳೆದು 2011ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಆಕಾಶ್ ಇಳಿಯಿತು. 35 ಡಾಲರಿನ ಟ್ಯಾಬ್ ಅಂತ ಮೊದಲು ಡಂಗುರ. ಇಳಿಯುವಾಗ ಬೆಲೆ ಎರಡು ಸಾವಿರದ ಇನ್ನೂರು ಚಿಲ್ಲರೆ. ಏಳು ಇಂಚಿನ ತೆರೆ, 256 ಎಂಬಿ ರ್‍ಯಾಮ್. ಬೆರಳು ಸವರಿದರೆ ಕೇಳದು, ಉಗುರು ಊರಿ ಒತ್ತಬೇಕು. ದೇಶದ ಮಕ್ಕಳ ಭವಿಷ್ಯ ಬದಲಿಸುವ ಯಂತ್ರವನ್ನು ಆರಿಸುವಾಗ ಎದುರಿಗಿದ್ದ ಪ್ರಶ್ನೆ ಬೆಲೆ ಒಂದೇ. ಅದರಿಂದ ಮಗು ಏನು ಮಾಡೀತು ಅನ್ನುವುದನ್ನು ಮಗುವಿಗೇ ಬಿಟ್ಟರು. ಮಗು ಎರಡು ದಿನ ಒತ್ತಿ ನೋಡಿ ಗಿಲ್ಲಿ ದಾಂಡಿಗೆ ಹೋಯಿತು.

ನಮ್ಮ ರಾಜ್ಯದ ಕತೆಯೂ ಕಡಿಮೆಯಿಲ್ಲ. ಸರ್ಕಾರಿ ಪದವಿ ಕಾಲೇಜಿನ ಮಕ್ಕಳಿಗೆ ಒಂದಷ್ಟು ಕಾಲ ಲ್ಯಾಪ್‌ಟಾಪ್ ಕೊಟ್ಟರು. 2021ರ ಜೂನ್‌ನಲ್ಲಿ ಮನಸ್ಸು ಬದಲಾಗಿ ಟ್ಯಾಬ್ ಬಂತು: ಪದವಿ, ಎಂಜಿನಿಯರಿಂಗ್, ಪಾಲಿಟೆಕ್ನಿಕ್ ಸೇರಿ 1.55 ಲಕ್ಷ ಮಕ್ಕಳಿಗೆ, 163 ಕೋಟಿ ರೂಪಾಯಿ ವೆಚ್ಚದಲ್ಲಿ. ತಲೆಗೆ ಹತ್ತು ಸಾವಿರದ ಐನೂರರ ಲೆಕ್ಕ. ಕೊರೊನಾ ಕಾಲ, ಆನ್‌ಲೈನ್ ಪಾಠ. ಟ್ಯಾಬ್ ಸಿಕ್ಕ ಮಗುವಿಗೆ ಅದು ಸಣ್ಣ ಸಂಗತಿಯಲ್ಲ ಅನ್ನುವುದನ್ನು ಒಪ್ಪುತ್ತೇನೆ. ಆದರೆ ಎಂಜಿನಿಯರಿಂಗ್ ಹುಡುಗ ಬರೆಯುವುದು ಪ್ರೋಗ್ರಾಮು, ಬಿ.ಎ. ಹುಡುಗಿ ಬರೆಯುವುದು ಪ್ರಬಂಧ, ಪಾಲಿಟೆಕ್ನಿಕ್ ಹುಡುಗ ಬಿಡಿಸುವುದು ನಕ್ಷೆ. ಮೂವರಿಗೂ ಕೀಲಿಮಣೆಯಿಲ್ಲದ ಅದೇ ಹಲಗೆ. ಇದಕ್ಕೆ ಸಮಾನತೆ ಅಂತ ಹೆಸರು. ಒಂದೇ ಮನೆಯಲ್ಲಿ ಅಣ್ಣನಿಗೆ ಲ್ಯಾಪ್‌ಟಾಪ್, ಬೆನ್ನಿಗೇ ಕಾಲೇಜು ಸೇರಿದ ತಂಗಿಗೆ ಟ್ಯಾಬ್, ಅವಳ ಬೆನ್ನಿಗೆ ಬಂದ ತಮ್ಮನಿಗೆ ಭಾಷಣ. ಯಾರಿಗೆ ಯಾವ ಯಂತ್ರ ಬೇಕು ಅನ್ನುವುದು ಓದಿನಿಂದಲ್ಲ, ಹುಟ್ಟಿದ ಇಸವಿಯಿಂದ ನಿರ್ಧಾರವಾಗುವುದಾದರೆ ಕಾಲೇಜಿನಲ್ಲಿ ಪ್ರಾಚಾರ್ಯರ ಬದಲು ಜೋಯಿಸರನ್ನು ಕೂರಿಸಿದರೂ ನಡೆಯುತ್ತದೆ.

ಆ ಟ್ಯಾಬುಗಳು ಈಗೆಲ್ಲಿವೆ? ಹುನಗುಂದದ ಓಣಿಯೊಂದರಲ್ಲಿ ಒಂದನ್ನು ಕಣ್ಣಾರೆ ಕಂಡೆ. ಗಾಜಿನ ಮೂಲೆ ಬಿರಿದಿದೆ, ಬಿರುಕಿಗೆ ಪಾರದರ್ಶಕ ಟೇಪು. ಎಣ್ಣೆ ಡಬ್ಬಿಗೆ ಒರಗಿಸಿ ನಿಲ್ಲಿಸಿದ್ದಾರೆ. ಅಜ್ಜಿ ರೊಟ್ಟಿ ಬಡಿಯುತ್ತ ಅದರಲ್ಲಿ ಧಾರಾವಾಹಿ ನೋಡುತ್ತಾರೆ, ಹಿಟ್ಟಿನ ಕೈ ಅಂತ ಮೊಣಕೈಯಿಂದ ಮುಂದಿನ ಕಂತಿಗೆ ಸರಿಸುತ್ತಾರೆ. ನೂರಾ ಅರವತ್ಮೂರು ಕೋಟಿಯಲ್ಲಿ ಪೂರಾ ಫಲ ಕೊಟ್ಟ ಹತ್ತು ಸಾವಿರದ ಐನೂರು ರೂಪಾಯಿ ಇದ್ದರೆ ಅದು ಆ ಅಡುಗೆಮನೆಯದು. ಏಕೆಂದರೆ ಟ್ಯಾಬ್ ನೋಡುವುದಕ್ಕೆ ಮಾಡಿದ ಯಂತ್ರ. ಅಜ್ಜಿಗೆ ಅದು ಯಾರೂ ಹೇಳಿಕೊಡದೆ ತಿಳಿಯಿತು.

ಮೊಮ್ಮಗಳು ಪರೀಕ್ಷೆ ಅರ್ಜಿ ತುಂಬಲು ಎಲ್ಲಿಗೆ ಹೋಗಿದ್ದಾಳೆ ಅಂತ ಕೇಳಿದೆ. ಝೆರಾಕ್ಸ್ ಅಂಗಡಿಗೆ. ಪದವಿ ಪ್ರವೇಶದಿಂದ ಫಲಿತಾಂಶದವರೆಗೆ ಈಗ ಯುಯುಸಿಎಂಎಸ್ ಅನ್ನುವ ಜಾಲತಾಣದಲ್ಲೇ ಎಲ್ಲ ನಡೆಯುತ್ತದೆ. ಮನೆಯಲ್ಲಿ ಅಣ್ಣನ ಲ್ಯಾಪ್‌ಟಾಪ್ ಚಾರ್ಜ್ ಹಿಡಿಯುವುದಿಲ್ಲ, ಟ್ಯಾಬ್ ಅಜ್ಜಿಯ ವಶದಲ್ಲಿದೆ, ಫೋನಿನಲ್ಲಿ ಅರ್ಜಿಯ ಅರ್ಧ ಕಾಣುವುದಿಲ್ಲ. ಝೆರಾಕ್ಸ್ ಅಂಗಡಿಯಣ್ಣನ ಹಳೆಯ ಡೆಸ್ಕ್‌ಟಾಪೇ ತಾಲೂಕಿನ ಉನ್ನತ ಶಿಕ್ಷಣವನ್ನು ಹೊತ್ತು ನಿಂತಿದೆ. ಅಂದಹಾಗೆ 2023ರಲ್ಲಿ ನಮಗೆ ಬಾಗಲಕೋಟೆ ವಿಶ್ವವಿದ್ಯಾಲಯ ಬಂತು, ಇರುವುದು ಜಮಖಂಡಿಯಲ್ಲಿ. ಹೆಸರು ಒಂದು ಕಡೆ, ಇರುವುದು ಇನ್ನೊಂದು ಕಡೆ ಅನ್ನುವ ಆನ್‌ಲೈನ್ ತತ್ವವನ್ನು ಕಲ್ಲು ಮಣ್ಣಿನಲ್ಲಿ ಸಾಧಿಸಿದ್ದು ನಮ್ಮ ಜಿಲ್ಲೆ.

ಇನ್ನು ಇ-ರೀಡರ್. ಅದನ್ನು ಇಲ್ಲಿ ಯಾರೂ ಕೊಳ್ಳುವುದಿಲ್ಲ. ಅದು ವಿದೇಶದಿಂದ ಬರುತ್ತದೆ. ನವನಗರದ ಸೆಕ್ಟರೊಂದರಲ್ಲಿ ನಿವೃತ್ತ ಹೈಸ್ಕೂಲ್ ಮಾಸ್ತರರಿದ್ದಾರೆ. ಮಗ ಕ್ಯಾಲಿಫೋರ್ನಿಯಾದಲ್ಲಿ. ಅಪ್ಪ ಓದುವ ಮನುಷ್ಯ ಅಂತ ಮಗ ಒಂದು ಕಿಂಡಲ್ ಕಳಿಸಿದ. ತಂದವರ ಕೈಯಲ್ಲಿ ಮಾಸ್ತರು ಅಮೀನಗಡದ ಕರದಂಟು ಕಳಿಸಿದರು. ಈ ವಿನಿಮಯದಲ್ಲಿ ಲಾಭ ಯಾರಿಗಾಯಿತು ಅನ್ನುವುದರಲ್ಲಿ ನನಗೆ ಸಂಶಯವಿಲ್ಲ.

ಯಂತ್ರದ ಕುಶಲತೆಯನ್ನು ಮೆಚ್ಚಲೇಬೇಕು. ಕೂದಲೆಳೆಯ ದಪ್ಪದ ಗುಳಿಗೆಗಳು, ಅವುಗಳೊಳಗೆ ಕಪ್ಪು ಬಿಳಿ ಕಣಗಳು. ವಿದ್ಯುತ್ತಿನ ಸೆಳೆತಕ್ಕೆ ಒಂದು ಮೇಲೆ ಬರುತ್ತದೆ, ಇನ್ನೊಂದು ಕೆಳಗಿಳಿಯುತ್ತದೆ. ಅಕ್ಷರ ಮೂಡಿದ ಮೇಲೆ ಅದನ್ನು ಹಿಡಿದಿಡಲು ಕರೆಂಟು ಬೇಕಿಲ್ಲ, ಪುಟ ತಿರುಗಿಸುವಾಗ ಮಾತ್ರ ಬೇಕು. ಇದನ್ನು ಮಾಡುವ ಇ ಇಂಕ್ ಕಂಪನಿ ಅಮೆರಿಕದಲ್ಲಿ ಹುಟ್ಟಿದ್ದು 1997ರಲ್ಲಿ. ಬಾಗಲಕೋಟೆ ಜಿಲ್ಲೆ ಹುಟ್ಟಿದ್ದೂ ಅದೇ ವರ್ಷ. ಅವರು ಕರೆಂಟಿಲ್ಲದೆ ಅಕ್ಷರ ನಿಲ್ಲಿಸುವುದನ್ನು ಕಂಡುಹಿಡಿದರು, ನಾವು ಕರೆಂಟಿಲ್ಲದೆ ಕೂರುವುದನ್ನು ಮುಂದುವರಿಸಿದೆವು. ಇಬ್ಬರೂ ಜೋಡಿಯಾಗಬೇಕಿತ್ತು.

ಆಗಲಿಲ್ಲ. ಮಾಸ್ತರಿಗೆ ಬೇಕಿದ್ದದ್ದು ವಚನ. ಕಿಂಡಲ್ 2007ರಲ್ಲಿ ಹುಟ್ಟಿ, 2012ರಲ್ಲಿ ಭಾರತದಲ್ಲಿ ಅಂಗಡಿ ತೆರೆಯಿತು. ಈ ದೇಶದ ಜನ ಬೇರೆ ಭಾಷೆಯಲ್ಲೂ ಓದುತ್ತಾರೆ ಅನ್ನುವುದು ಅದಕ್ಕೆ ಹೊಳೆಯಲು 2016ರ ಡಿಸೆಂಬರ್ ಬರಬೇಕಾಯಿತು. ಆಗ ಐದು ಭಾಷೆ ಆರಿಸಿಕೊಂಡಿತು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ. ಕನ್ನಡ ಆ ಪಂಕ್ತಿಯಲ್ಲಿ ಇರಲಿಲ್ಲ. ಗದಗದಿಂದ ಹೊರಟ ರೈಲು ಬಾದಾಮಿ, ಬಾಗಲಕೋಟೆ ದಾಟಿ ಸೊಲ್ಲಾಪುರ ಮುಟ್ಟುತ್ತದಲ್ಲ, ಆ ಕೊನೆಯ ಸ್ಟೇಶನ್ನಿನ ಮರಾಠಿ ಓದುಗನಿಗೆ ಎಲೆ ಹಾಕಿದರು, ಹಿಂದಿನ ಸ್ಟೇಶನ್ನುಗಳ ಕನ್ನಡದವರನ್ನು ಎಬ್ಬಿಸಿದರು. ಯಾರಿಗೆ ಯಾವುದು ಬೇಕೆಂದು ಬೇರೊಬ್ಬರು ನಿರ್ಧರಿಸುವ ರೋಗ ಅಂಗಡಿಯ ಹುಡುಗನಿಂದ ಕಿಂಡಲ್ ಮಾಡುವ ಅಮೆಜಾನಿನ ಸಿಯಾಟಲ್‌ವರೆಗೆ ಒಂದೇ.

ಮಾಸ್ತರು ಹಟ ಬಿಡಲಿಲ್ಲ. ಓಣಿಯ ಹುಡುಗನನ್ನು ಹಿಡಿದು ಹಳೆಯ ವಚನ ಪುಸ್ತಕದ ಪಿಡಿಎಫ್ ಹಾಕಿಸಿದರು. ಅದು ಸ್ಕ್ಯಾನ್ ಮಾಡಿದ ದೊಡ್ಡ ಪುಟ. ಆರು ಇಂಚಿನ ತೆರೆಗೆ ಇಳಿದಾಗ ಅಕ್ಷರ ಇದೆ ಅನ್ನುವುದು ಮಾತ್ರ ಗೊತ್ತಾಗುತ್ತಿತ್ತು, ಯಾವ ಅಕ್ಷರ ಅನ್ನುವುದಲ್ಲ. ದೊಡ್ಡದು ಮಾಡಿದರೆ ಸಾಲಿನ ತಲೆ ಬಂದರೆ ಬಾಲ ಇಲ್ಲ. ಕೊನೆಗೆ ಯಾರೋ ನುಡಿಯಲ್ಲಿ ಟೈಪ್ ಮಾಡಿದ ಕಡತ ತಂದುಕೊಟ್ಟರು. ಯೂನಿಕೋಡ್ ಅಲ್ಲದ ಹಳೆಯ ಅಕ್ಷರ. ತೆರೆಯ ಮೇಲೆ ಬಸವಣ್ಣನವರು ತಲೆ ಮೇಲೆ ಟೋಪಿ, ಕಾಲಡಿ ಬಾಲ ಇರುವ ಲ್ಯಾಟಿನ್ ಅಕ್ಷರಗಳ ಸೈನ್ಯವಾಗಿ ಬಂದು ನಿಂತರು. ಕೂಡಲಸಂಗಮ ಇರುವುದು ನಮ್ಮದೇ ಹುನಗುಂದ ತಾಲೂಕಿನಲ್ಲಿ.

ಮಾಸ್ತರಿಗೆ ಸಿಟ್ಟು ಬಂದಾಗ ಫ.ಗು. ಹಳಕಟ್ಟಿಯವರ ಹೆಸರು ಬರುತ್ತದೆ. ತಾಳೆಗರಿ ಹುಡುಕಿ ಊರೂರು ಅಲೆದು, ವಚನ ಅಚ್ಚು ಹಾಕಲು ಮನೆ ಮಾರಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದವರು ಅವರು, 1925ರ ಸುಮಾರಿಗೆ. "ಅವರಿಗೆ ವಚನ ಮೊದಲು ಸಿಕ್ಕಿತ್ತು, ಆಮೇಲೆ ಯಂತ್ರ ತಂದರು. ನನ್ನ ಮಗ ಯಂತ್ರ ಮೊದಲು ಕಳಿಸ್ಯಾನ" ಅಂತಾರೆ ಮಾಸ್ತರು. ಮಗ ವಾರಕ್ಕೊಮ್ಮೆ ಫೋನ್ ಮಾಡಿ ಕೇಳುತ್ತಾನೆ: "ಅಪ್ಪಾಜಿ, ಕಿಂಡಲ್‌ದಾಗ ಓದಾಕತ್ತೀರಿಲ್ಲೋ?" "ಓದಾಕತ್ತೀನಪಾ ತಮ್ಮಾ." ಸುಳ್ಳೇನಲ್ಲ. ಚಾರ್ಜ್ ಹಾಕುವುದನ್ನು ಮರೆತು ತಿಂಗಳುಗಳೇ ಆದವು, ಆದರೂ ತೆರೆಯ ಮೇಲೆ ಖಾಲಿ ಬ್ಯಾಟರಿಯ ಚಿತ್ರ ಅಚ್ಚೊತ್ತಿದಂತೆ ನಿಂತಿದೆ. ಸತ್ತೆ ಅನ್ನುವುದನ್ನು ಇಷ್ಟು ಸ್ಫುಟವಾಗಿ, ಇಷ್ಟು ದಿನ, ಕರೆಂಟಿಲ್ಲದೆ ಹೇಳುವ ಯಂತ್ರ ಬೇರೊಂದಿಲ್ಲ. ಮಾಸ್ತರು ದಿನಾ ಅದನ್ನೇ ಓದುತ್ತಾರೆ.

ವಚನವನ್ನು ಓದುತ್ತಿರುವುದು ಹೆಂಡತಿಯ ಫೋನಿನಲ್ಲಿ. ಕನ್ನಡದ ಕೆಲವರು ಸಂಬಳವಿಲ್ಲದೆ ಕೂತು, ಹಳೆಯ ಅಕ್ಷರಗಳನ್ನು ಯೂನಿಕೋಡಿಗೆ ತಿರುಗಿಸಿ, ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ವಚನ ಸಂಚಯದಲ್ಲಿ ಹುಡುಕಲು ಬರುವಂತೆ ಇಟ್ಟಿದ್ದಾರೆ, ಪುಕ್ಕಟೆ. 2020ರಲ್ಲಿ ಮೈಲ್ಯಾಂಗ್ ಬಂತು, ಕನ್ನಡದ ಇ-ಪುಸ್ತಕಗಳಿಗೆ ಫೋನಿನಲ್ಲೇ ಅಂಗಡಿಯಾಯಿತು. ಸಿಯಾಟಲ್ ಎಲೆ ಹಾಕದಿದ್ದರೆ ಮನೆಯಲ್ಲೇ ಅಡುಗೆ ಮಾಡಿಕೊಂಡರು ಅನ್ನಿ. ಅದರಲ್ಲೂ ತೆರಿಗೆಯವರು ಕೈ ಹಾಕದೆ ಬಿಡಲಿಲ್ಲ: ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಅದೇ ಪುಸ್ತಕ ಕಾಗದ ಬಿಟ್ಟು ಬಂದರೆ ಶೇಕಡಾ 5. ಅದೂ 2018ರ ಜುಲೈ ನಂತರದ ಕರುಣೆ. ಮೊದಲು 18 ಇತ್ತು. ಕಾಗದ ಉಳಿಸಿ ಮರ ಕಾಪಾಡಿದವರ ಮೇಲೆ ದಂಡ.

ಇ-ಪುಸ್ತಕ ಕೊಂಡರೆ ಅದು ನಮ್ಮದೇ ಅನ್ನುವ ಭ್ರಮೆಯೂ ಬೇಡ. 2009ರ ಜುಲೈಯಲ್ಲಿ ಅಮೆಜಾನ್ ತನ್ನ ಗಿರಾಕಿಗಳ ಕಿಂಡಲ್‌ಗಳೊಳಗೆ ದೂರದಿಂದಲೇ ಕೈ ಹಾಕಿ, ಮಾರಿದ್ದ ಪುಸ್ತಕವನ್ನು ಅಳಿಸಿಹಾಕಿತು. ಹಕ್ಕಿಲ್ಲದವರು ಮಾರಾಟಕ್ಕಿಟ್ಟಿದ್ದರು ಅನ್ನುವುದು ಕಾರಣ. ದುಡ್ಡು ಮರಳಿಸಿದರು, ಕ್ಷಮೆಯನ್ನೂ ಕೇಳಿದರು. ಅಳಿಸಿದ ಪುಸ್ತಕ ಯಾವುದು ಅಂದರೆ, ಎಲ್ಲರ ಮೇಲೂ ಕಣ್ಣಿಟ್ಟು, ಬೇಡದ ಕಾಗದವನ್ನು ಸುಟ್ಟುಹಾಕುವ ಸರ್ಕಾರದ ಬಗ್ಗೆ ಜಾರ್ಜ್ ಆರ್ವೆಲ್ ಬರೆದ "1984". ವ್ಯಂಗ್ಯ ಬರಹಗಾರರ ಅನ್ನಕ್ಕೆ ಕಂಪನಿಗಳು ಹೀಗೆ ನೇರವಾಗಿ ಕಲ್ಲು ಹಾಕಬಾರದು. ನಮ್ಮ ಕಡೆ ಪುಸ್ತಕ ಕಡ ಒಯ್ದವರು ವಾಪಸ್ ಕೊಡುವುದಿಲ್ಲ ಅನ್ನುವ ದೂರು ಹಳೆಯದು. ಮಾರಿದವನೇ ರಾತ್ರಿ ಬಂದು ಒಯ್ಯುವ ಪದ್ಧತಿ ಇರಲಿಲ್ಲ.

ಮೂರನ್ನೂ ನಿಷ್ಪಕ್ಷಪಾತವಾಗಿ ಪರೀಕ್ಷಿಸಬಲ್ಲವರು ಜಿಲ್ಲೆಯಲ್ಲಿದ್ದಾರೆ: ಬಾದಾಮಿಯ ಮಂಗಗಳು. ಗುಹೆಗಳ ಮೆಟ್ಟಿಲ ಮೇಲೆ ಏಪ್ರಿಲ್ ಬಿಸಿಲಿನಲ್ಲಿ ಟ್ಯಾಬ್ ತೆರೆದರೆ ನಿಮ್ಮ ಬೆವರಿದ ಮುಖ ಬಿಟ್ಟು ಇನ್ನೇನೂ ಕಾಣುವುದಿಲ್ಲ. ಇ-ರೀಡರ್ ಮಾತ್ರ ಬಿಸಿಲೇರಿದಷ್ಟೂ ಚೊಕ್ಕ ಕಾಣುತ್ತದೆ. ಅಗಸ್ತ್ಯ ತೀರ್ಥದ ದಂಡೆಯಲ್ಲಿ, ಭೂತನಾಥ ಗುಡಿಯ ನೆರಳು ಸಾಲದಾದಾಗಲೂ ಓದುತ್ತ ಕೂತ ಪರದೇಶದ ಪ್ರವಾಸಿಗಳನ್ನು ಕಂಡಿದ್ದೇನೆ. ಮಂಗ ಬರುತ್ತದೆ, ಕಸಿಯುತ್ತದೆ, ಗೋಡೆ ಏರಿ ಕೂತು ಮೂಸಿ ನೋಡುತ್ತದೆ, ಮೂಲೆಗೆ ಹಲ್ಲು ಹಚ್ಚುತ್ತದೆ, ತಿರುಗಿಸಿ ಹಿಂದೆ ಏನಿದೆ ಅಂತ ನೋಡುತ್ತದೆ, ತನಗೆ ಉಪಯೋಗವಿಲ್ಲ ಅಂತ ಖಾತ್ರಿಯಾದ ಮೇಲೆ ಕೆಳಗೆ ಎಸೆಯುತ್ತದೆ. ಬ್ರ್ಯಾಂಡ್ ಕೇಳುವುದಿಲ್ಲ, ಬಣ್ಣಕ್ಕೆ ಮರುಳಾಗುವುದಿಲ್ಲ, ಪುಕ್ಕಟೆ ಬ್ಯಾಗ್ ಸಿಕ್ಕರೆ ಬ್ಯಾಗನ್ನಷ್ಟೇ ಇಟ್ಟುಕೊಳ್ಳುತ್ತದೆ. ಖರೀದಿ ಸಮಿತಿಗಳಲ್ಲಿ ಒಂದು ಸ್ಥಾನ ಕೊಟ್ಟರೆ ನಷ್ಟವಿಲ್ಲ.

ಇಳಕಲ್ಲಿನವರ ಬಗ್ಗೆ ಬೇರೆ ಮಾತು ಹೇಳಬೇಕು. ಅಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ, ಜೋಳ ಬೇಡ, ದುಡ್ಡು ಬೇಡ, ನಿಮ್ಮ ಚಟ ಹಾಕಿ ಅಂತ ಬೇಡಿದವರು. ಜನ ಬೀಡಿ ಕಟ್ಟು, ಗುಟ್ಕಾ ಚೀಟಿ ಹಾಕಿ ಕೈಮುಗಿದರು. ಅವರ ಜನ್ಮದಿನ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಆ ದಿನದ ಭಾಷಣಗಳನ್ನು ಜನ ಫೋನ್ ಎತ್ತಿ ಹಿಡಿದು ಚಿತ್ರೀಕರಿಸುತ್ತಾರೆ.

ಅದೇ ಇಳಕಲ್ಲಿನಲ್ಲಿ, ಹಳೆಯ ಲ್ಯಾಪ್‌ಟಾಪ್ ಮಾರುವ ಅಂಗಡಿಯೊಂದರಲ್ಲಿ, ಕೊಳ್ಳುವವರೇ ಹೂಡುವವರೂ ಆದ ಒಂದು ಜೋಡಿಯನ್ನು ನೋಡಿದೆ. ನೇಕಾರ ಅಪ್ಪ, ಡಿಗ್ರಿ ಕೊನೆಯ ವರ್ಷದ ಮಗಳು. ಮನೆಯಲ್ಲಿ ಕೈಮಗ್ಗ, ಚಿಕ್ಕಿ ಪರಾಸ್ ದಡಿಯ ಸೀರೆಗಳ ಫೋಟೊ ತೆಗೆದು ವಾಟ್ಸ್‌ಆ್ಯಪಿನಲ್ಲಿ ಮಾರುವುದು ಅವಳ ಕೆಲಸ. ಈಗ ಲೆಕ್ಕ ಬರೆಯಲು ಟ್ಯಾಲಿ ಬೇಕು, ಜಿಎಸ್‌ಟಿ ತುಂಬಬೇಕು, ಬಿಲ್ಲು ಕನ್ನಡದಲ್ಲಿ ಕೊಡಬೇಕು. ಟ್ಯಾಲಿ ಟ್ಯಾಬಿನಲ್ಲಿ ನಡೆಯದು, ಹೊಸ ಅಗ್ಗದ ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದು ಅನ್ನುವುದನ್ನು ಅಂಗಡಿಗೆ ಬರುವ ಮೊದಲೇ ತಿಳಿದುಕೊಂಡಿದ್ದಳು. ಬೆಂಗಳೂರಿನ ಕಂಪನಿಗಳು ಬಳಸಿ ಬಿಟ್ಟ ಗಟ್ಟಿ ಮಾಲು ಇಂಥ ಅಂಗಡಿಗಳಿಗೆ ಬರುತ್ತದೆ. ಅಂಗಡಿಯವ ಒಂದನ್ನು ಒರೆಸಿ ಮುಂದಿಟ್ಟ.

"ಎಷ್ಟನೇ ಜನರೇಶನ್ ರಿ?"

"ಐ ಫೈವ್ ಐತಿ ತಂಗಿ. ಕಣ್ಣು ಮುಚ್ಚಿ ಒಯ್ಯಿ."

"ಐ ಫೈವ್ ಅಂತ ಮ್ಯಾಲ ಚೀಟಿ ಐತಲ್ರಿ. ಎಷ್ಟನೇದು?"

ಆರನೆಯದು. ಅವಳು ಪಕ್ಕಕ್ಕೆ ಸರಿಸಿದಳು. ವಿಂಡೋಸ್ 10ನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಕೈ ಬಿಟ್ಟಿದೆ. ಇಂಟೆಲಿನ ಎಂಟನೇ ಜನರೇಶನ್ನಿಗಿಂತ ಹಿಂದಿನವುಗಳ ಮೇಲೆ ವಿಂಡೋಸ್ 11 ನೆಟ್ಟಗೆ ಕೂರುವುದಿಲ್ಲ. ಎರಡನೆಯದು ಎಂಟನೇ ಜನರೇಶನ್, 8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ. ಚಾಲೂ ಮಾಡಿ ಅಂಗಡಿಯ ಬಾಯಿಮಾತನ್ನು ಬಿಟ್ಟು ಯಂತ್ರದಿಂದಲೇ ಬ್ಯಾಟರಿಯ ವರದಿ ತೆಗೆಸಿದಳು. ಹುಟ್ಟಿದಾಗ ಇದ್ದ ಶಕ್ತಿಯಲ್ಲಿ ಅರ್ಧವೂ ಉಳಿದಿಲ್ಲ ಅನ್ನುವುದು ತೆರೆಯ ಮೇಲೆ ಬಂತು. ಅಂಗಡಿಯವ ಸೀಲಿಂಗ್ ನೋಡಿದ. ಆಮೇಲೆ ಒಂದು ಖಾಲಿ ಪುಟ ತೆರೆದು ಇಳಕಲ್ಲಿನ ಒತ್ತು, ಶ್ರೀ, ಜ್ಞಾನ, ಅರ್ಜಿಯ ಅರ್ಕಾವತ್ತು, ರೂಪಾಯಿ ಚಿಹ್ನೆ, ಎಲ್ಲ ಟೈಪ್ ಮಾಡಿ ನೋಡಿದಳು. ನುಡಿಯನ್ನು ಅಲ್ಲೇ ಕೂರಿಸಿದಳು.

ಅಷ್ಟರಲ್ಲಿ ಅಪ್ಪ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡರು. ಕಂಪ್ಯೂಟರಿನ ಗಂಧ ಗಾಳಿ ಇಲ್ಲದ ಮನುಷ್ಯ. ಆದರೆ ಸೀರೆಯ ಮೈ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ತೋಪುತೆನಿ ಜೋಡಿಸುವ ಕೈ. ಎರಡು ಕೂಡುವ ಜಾಗ ಕಂಡರೆ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ. ತೆರೆಯೂ ಕೀಲಿಮಣೆಯೂ ಕೂಡುವ ಕೀಲಿನ ಮೇಲೆ ಹೆಬ್ಬೆರಳು ಎಳೆದರು, ಎಡಗಡೆ ನಿಲ್ಲಿಸಿದರು.

"ಇಲ್ಲಿ ಬಿಟ್ಟೈತಿ ನೋಡವಾ."

ನಿಜ. ಕೂದಲೆಳೆಯಷ್ಟು ಬಿರುಕು, ಮೇಲೆ ಕಪ್ಪು ಬಣ್ಣ ಬಳಿದಿದ್ದರು.

"ಏನ್ರಿ ಕಾಕಾ, ಸೀರಿ ತಗೊಳ್ಳಾಕ ಬಂದೀರೇನ್?" ಅಂಗಡಿಯವ ನಗಲು ನೋಡಿದ.

"ಸೀರಿ ಆಗಿದ್ರ ನಿನ್ನ ಕಡೆ ಯಾಕ ಬರ್ತಿದ್ನೋ ತಮ್ಮಾ?"

ಬಿರುಕಿಗೆ ಐನೂರು ಇಳಿಯಿತು. ಬ್ಯಾಟರಿಗೆ ಒಂದು ಸಾವಿರ. ಚಾರ್ಜರ್ ಬೇರೆ ಕಂಪನಿಯದು ಅಂತ ಮಗಳು ಹೇಳಿದಾಗ ಮತ್ತೆ ಮುನ್ನೂರು. ಅಂಗಡಿಯವ ಸಾಕಾಗಿ, ಬ್ಯಾಗ್ ಪುಕ್ಕಟೆ ಕೊಡ್ತೀನಿ ಒಯ್ಯಿರಿ ಅಂದ. ಬ್ಯಾಗ್ ಬ್ಯಾಡ, ಅದರ ರೊಕ್ಕಾನೂ ಕಳದ ಹೇಳು ಅಂದರು ಅಪ್ಪ.